ಐದು ವರ್ಷದ ಗ್ರಾಫ್ ನೋಡಿ ಮಳೆ ಮುಗಿಯಿತು ಅನ್ನಬೇಡಿ

ಚಿಕ್ಕಪ್ಪ: ಈ ಗ್ರಾಫ್ ನೋಡಿ. 2019ರಿಂದ 2023ರವರೆಗಿನ ಮಳೆ. ಗೆರೆ ಸೀದಾ ಇಳಿದಿದೆ. ಮಲೆನಾಡಿನ ಮಳೆ ಮುಗಿದ ಹಾಗೆಯೇ.

ನಾನು: ಚಿಕ್ಕಪ್ಪ, ದಯವಿಟ್ಟು ಇದನ್ನು ಬೇರೆ ವಾಟ್ಸಾಪ್ ಗುಂಪಿಗೆ ಕಳಿಸಬೇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದ್ದಳು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ನೆರೆಯಲ್ಲಿ ಶುರು ಮಾಡಿ ಬರದಲ್ಲಿ ನಿಲ್ಲಿಸಿದರೆ ಗೆರೆ ಇಳಿಯಲೇಬೇಕಲ್ಲ?

ಚಿಕ್ಕಪ್ಪ: ಎಕ್ಸೆಲ್ ಹಾಕಿದ ಗೆರೆ ಅದು. ಲೆಕ್ಕ ಲೆಕ್ಕವೇ ಅಲ್ವಾ?

ನಾನು: ಲೆಕ್ಕ ಸರಿ, ವಿಧಾನ ಸರಿಯಿಲ್ಲ. ತುದಿಯಲ್ಲಿ ಒಂದು ವಿಪರೀತ ವರ್ಷ ಇದ್ದರೆ ಸಾಕು, ಇಡೀ ಗೆರೆಯನ್ನು ತನ್ನ ಕಡೆ ಎಳೆಯುತ್ತದೆ. ಅದಕ್ಕೇ ಮಳೆಗೆ ಮ್ಯಾನ್-ಕೆಂಡಾಲ್ ಪರೀಕ್ಷೆ ಜಾಸ್ತಿ ಬಳಸುತ್ತಾರೆ. ಪ್ರತಿ ವರ್ಷವನ್ನೂ ಅದರ ಹಿಂದಿನ ಒಂದೊಂದು ವರ್ಷದ ಜೊತೆ ಹೋಲಿಸುವುದು. ಹೆಚ್ಚಿದ್ದರೆ ಒಂದು ಕೂಡಿಸುವುದು, ಕಡಿಮೆಯಿದ್ದರೆ ಒಂದು ಕಳೆಯುವುದು. ಕೊನೆಯ ಮೊತ್ತ ಸೊನ್ನೆಯಿಂದ ತುಂಬಾ ದೂರ ಇದ್ದರೆ ಮಾತ್ರ ಟ್ರೆಂಡ್, ಅಂದರೆ ಏರುವ ಅಥವಾ ಇಳಿಯುವ ಒಲವು, ಇದೆ ಅನ್ನುವುದು. ಎಷ್ಟು ಮಿಲಿಮೀಟರ್ ಹೆಚ್ಚು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 30 ವರ್ಷಕ್ಕೆ 435 ಜೋಡಿ ಆಗುತ್ತವೆ. ಅದರಲ್ಲಿ ಒಂದು ನೆರೆ ವರ್ಷ ಸೇರುವುದು 29ರಲ್ಲಿ ಮಾತ್ರ.

ಅಣ್ಣ: ಹಾಗಾದರೆ ವರ್ಷಕ್ಕೆ ಎಷ್ಟು ಇಳಿಯುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಾನು: ಅದಕ್ಕೆ ಸೆನ್ ಸ್ಲೋಪ್ ಇದೆ, 1968ರದ್ದು. ಪ್ರತಿ ಜೋಡಿಯಲ್ಲೂ ವರ್ಷಕ್ಕೆ ಎಷ್ಟು ಏರಿತು, ಇಳಿಯಿತು ಅಂತ ಬರೆದು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟು, ಸರಿಯಾಗಿ ನಡುವಿನ ಅಂಕಿ ತೆಗೆದುಕೊಳ್ಳುವುದು.

ದೊಡ್ಡಪ್ಪ: ವರ್ಷದ ಒಟ್ಟು ಮಳೆ ಕಟ್ಟಿಕೊಂಡು ನನಗೇನು ಆಗಬೇಕು? ಜೂನ್‌ನಲ್ಲಿ ಬರಬೇಕಾದ್ದು ಆಗಸ್ಟ್‌ನಲ್ಲಿ ಸುರಿದರೂ ಒಟ್ಟು ಅಷ್ಟೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಳವು, ಅಂದರೆ ಮಳೆಯ ಬಿಡುವು, ಸಿಗುವುದಿಲ್ಲ. ಕೊಳೆ ಬಂದು ಅಡಿಕೆ ಉದುರುತ್ತದೆ. ನಿನ್ನ ಪರೀಕ್ಷೆ ಮಾತ್ರ ಏನೂ ಬದಲಾಗಿಲ್ಲ ಅನ್ನುತ್ತದೆ.

ನಾನು: ದೊಡ್ಡಪ್ಪ ಹೇಳಿದ್ದೇ ಇಲ್ಲಿ ಮುಖ್ಯ. ಪರೀಕ್ಷೆಯಲ್ಲಿ ಟ್ರೆಂಡ್ ಸಿಗಲಿಲ್ಲ ಅಂದರೆ ಮಳೆ ಮೊದಲಿನ ಹಾಗೇ ಇದೆ ಅಂತಲ್ಲ. ಜೂನ್ ಬೇರೆ, ಜುಲೈ ಬೇರೆ, ಆಗಸ್ಟ್ ಬೇರೆ ಮಾಡಿ ನೋಡಬೇಕು. ಮಳೆ ಬಂದ ದಿನಗಳನ್ನೂ ಬೇರೆಯಾಗಿ ಎಣಿಸಬೇಕು. ಟರ್ಕಿಯ ಝೆಕಾಯ್ ಶೆನ್ 2012ರಲ್ಲಿ ಇನ್ನೊಂದು ದಾರಿ ತೋರಿಸಿದರು. ದಾಖಲೆಯನ್ನು ಹಳೆಯ ಅರ್ಧ, ಹೊಸ ಅರ್ಧ ಮಾಡಿ, ಎರಡನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಎದುರುಬದುರು ಇಡುವುದು. ಜೋರು ಮಳೆ ಹೆಚ್ಚಿ ಸಣ್ಣ ಮಳೆ ಕಡಿಮೆಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಒಟ್ಟು ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತದೆ.

ಚಿಕ್ಕಪ್ಪ: ಸರಿ. ಹಾಗಾದರೆ ಇಡೀ ಜಿಲ್ಲೆಯ ಸರಾಸರಿ ಹಾಕಿ ಮಾಡೋಣ.

ನಾನು: ಬೇಡ ಚಿಕ್ಕಪ್ಪ. ಆಗುಂಬೆ ಮಳೆಗೂ ಶಿವಮೊಗ್ಗ ಪೇಟೆ ಮಳೆಗೂ ಎಲ್ಲಿಯ ಹೋಲಿಕೆ? ಒಂದೊಂದು ಊರಿನದ್ದು ಬೇರೆಯೇ ಇರಲಿ. ದೊಡ್ಡಪ್ಪ, ತೋಟದ ಮಳೆ ಪುಸ್ತಕದ ಫೋಟೋ ಹಾಕಿ.

ದೊಡ್ಡಪ್ಪ: ಹಾಕುತ್ತೇನೆ. ನಡುವೆ ಒಂದು ವರ್ಷ ಮಳೆಮಾಪಕ ಒಡೆದಿತ್ತು. ಪಕ್ಕದ ತೋಟದವರದ್ದು ನೋಡಿ ಅಂದಾಜು ತುಂಬಲಾ?

ನಾನು: ಖಾಲಿ ಬಿಡಿ. ಇರುವ ವರ್ಷಗಳ ಜೋಡಿಯಲ್ಲೇ ಲೆಕ್ಕ ನಡೆಯುತ್ತದೆ.