ಬಿಸಿಲಲ್ಲಿ ಲಿಥಿಯಂ ಗುಳಿಗೆ, ಮತ್ತೆ ಬೈಪೋಲಾರ್ ಬಗ್ಗೆ ಹೊಸ ಸಂಶೋಧನೆ

ಪ್ರಶ್ನೆ (ಸೇಡಂ ಕಡೆಯ ಅಕ್ಕ):
ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ. ಎರಡು ವರ್ಷದ ಹಿಂದೆ ತೊಗರಿ ರಾಶಿ ಮುಗಿದ ಮೇಲೆ ಅವನಿಗೆ ನಿದ್ದೆಯೇ ಬೇಡವಾಯಿತು. ರಾತ್ರಿ ಮೂರಕ್ಕೆ ಎದ್ದು, ದಾಲ್ ಮಿಲ್ ಹಾಕುವ ಲೆಕ್ಕವನ್ನು ಪಡಸಾಲೆ ಗೋಡೆ ತುಂಬ ಇದ್ದಿಲಿನಲ್ಲಿ ಬರೆದ. ಮನೆಯಲ್ಲಿದ್ದ ತೊಗರಿ ಮಾರಿ ಮಿಷನ್‌ಗೆ ಅಡ್ವಾನ್ಸ್ ಕೊಟ್ಟು ಬಂದ. ಎರಡು ತಿಂಗಳಿಗೆ ಅದೇ ಗೋಡೆಗೆ ಮುಖ ಮಾಡಿ ಮಲಗಿದ, ಏಳಲೇ ಇಲ್ಲ. ಹೀಗೆ ಒಮ್ಮೆ ಮನಸ್ಸು ಅತಿಯಾಗಿ ಏರಿ, ಒಮ್ಮೆ ಪೂರ್ತಿ ಕುಸಿಯುವ ಕಾಯಿಲೆಗೆ ಬೈಪೋಲಾರ್ ಅಂದರು, ಲಿಥಿಯಂ ಗುಳಿಗೆ ಕೊಟ್ಟರು. ಈಗ ಚೆನ್ನಾಗಿದ್ದಾನೆ. ಆದ್ರೆ ಬಿಸಿಲು ಶುರುವಾಯ್ತಲ್ಲ, "ಗುಳಿಗೆ ಉಷ್ಣ, ಬಿಡ್ತೀನಿ" ಅಂತಿದ್ದಾನೆ. ಈ ಕಾಯಿಲೆಯ ಜೀನ್ ಸಿಕ್ಕಿದೆ ಅಂತ ಮೊಬೈಲ್‌ನಲ್ಲಿ ಓದಿದ್ದಾನೆ. ಹೊಸ ಔಷಧಿ ಬರೋವರೆಗೆ ಬಿಟ್ಟರೆ ನಡೆಯುತ್ತಾ?

ಉತ್ತರ (ಮನೋವೈದ್ಯ, ಕಲಬುರಗಿ):
ಅಕ್ಕಾರೆ, ದಯವಿಟ್ಟು ಬಿಡಿಸಬೇಡಿ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಕೆಲವೇ ತಿಂಗಳಲ್ಲಿ ಮರಳಿ ಬರುವ ಸಾಧ್ಯತೆ ಜಾಸ್ತಿ. ಆತ್ಮಹತ್ಯೆಯ ಅಪಾಯವೂ ಏರುತ್ತದೆ.

ತಮ್ಮ ಓದಿದ್ದು ಸುಳ್ಳಲ್ಲ. 2025ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಈ ಕಾಯಿಲೆಯ 1.58 ಲಕ್ಷ ಜನರ ವಂಶವಾಹಿ ಮಾಹಿತಿ ನೋಡಿದರು. ವಂಶವಾಹಿಯಲ್ಲಿ ಈ ಕಾಯಿಲೆಯ ನಂಟಿರುವ 298 ಜಾಗಗಳು ಸಿಕ್ಕವು. ಒಂದೊಂದರದೂ ತೀರಾ ಸಣ್ಣ ಪಾಲು. ಹಾಗಾಗಿ ಇಂಥವರಿಗೆ ಬರುತ್ತದೆ, ಇಂಥವರಿಗೆ ಇಲ್ಲ ಎಂದು ರಕ್ತ ನೋಡಿ ಹೇಳುವ ಪರೀಕ್ಷೆ ಇಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು 2015ರ ಕೆಲಸ. ರೋಗಿಗಳ ಚರ್ಮದ ಕಣ ತೆಗೆದು, ಅದರಿಂದ ಮಿದುಳಿನ ನರಕೋಶ ಬೆಳೆಸಿದರು. ಅವು ಅತಿಯಾಗಿ ಮಿಡಿಯುತ್ತಿದ್ದವು. ಲಿಥಿಯಂ ಹಾಕಿದಾಗ ಶಾಂತವಾದವು. ಆದ್ರೆ ಯಾರಿಗೆ ಲಿಥಿಯಂ ನಿಜಕ್ಕೂ ಹಿಡಿದಿತ್ತೋ ಅವರ ಕೋಶಗಳಷ್ಟೇ! ಲಿಥಿಯಂ ಪೂರ್ತಿ ಹಿಡಿಯುವುದು ಸುಮಾರು ಮೂವರಲ್ಲಿ ಒಬ್ಬರಿಗೆ. ಆ ಒಬ್ಬರು ಯಾರು ಅಂತ ಮೊದಲೇ ತಿಳಿದರೆ ಎಷ್ಟೋ ಮನೆಗಳ ಎಷ್ಟೋ ವರ್ಷ ಉಳಿಯುತ್ತದೆ. ನಮ್ಮ ನಿಮ್ಹಾನ್ಸ್‌ನವರೂ ಬೆಂಗಳೂರಿನ ಬೇರೆ ಸಂಸ್ಥೆಗಳ ಜೊತೆ ಸೇರಿ, ಒಂದೇ ಮನೆತನದಲ್ಲಿ ಹಲವರಿಗೆ ಕಾಯಿಲೆ ಇರುವ ಕುಟುಂಬಗಳ ಕೋಶಗಳನ್ನು ಹೀಗೆ ಅಭ್ಯಾಸ ಮಾಡುತ್ತಿದ್ದಾರೆ. ಇದೆಲ್ಲ ದವಾಖಾನೆಗೆ ಬರಲು ಇನ್ನೂ ಸಮಯ ಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಹತ್ತು ರೋಗಿಗಳಿಗೆ ಕೊಟ್ಟು ನೋಡಿದ ಆ ಲಿಥಿಯಂ ಇವತ್ತಿಗೂ ಮುಂಚೂಣಿಯಲ್ಲಿದೆ.

ಬಿಸಿಲಿನ ವಿಷಯದಲ್ಲಿ ಮಾತ್ರ ತಮ್ಮನ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ಲಿಥಿಯಂ ಒಂದು ಲವಣ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಕಿಡ್ನಿ ಉಳಿದ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಒಳಗೇ ನಿಂತುಬಿಡುತ್ತದೆ. ಸಾಮಾನ್ಯವಾಗಿ ಲಿಥಿಯಂ ಮಟ್ಟ ಒಂದು ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ವಿಷ. ನಮ್ಮ ಕಡೆ ಮೇನಲ್ಲಿ 42–43 ಡಿಗ್ರಿ ಅಲ್ವಾ? ಹೊಲದ ಕೆಲಸ ಬೆಳಿಗ್ಗೆಯೇ ಮುಗಿಸಲಿ. ನೀರು, ಮಜ್ಜಿಗೆ ಕುಡಿಯುತ್ತಿರಲಿ. ಊಟದ ಉಪ್ಪು ಒಮ್ಮೆಲೇ ಕಡಿಮೆ ಮಾಡಬೇಡಿ. ಉಪವಾಸ ಬೇಡ. ರಾತ್ರಿ ಗುಳಿಗೆ ತೆಗೆದುಕೊಂಡು 12 ತಾಸಿಗೆ, ಬೆಳಗಿನ ಗುಳಿಗೆಗೆ ಮುಂಚೆ, ರಕ್ತ ಕೊಡಬೇಕು. ಥೈರಾಯ್ಡ್, ಕಿಡ್ನಿ ಆರು ತಿಂಗಳಿಗೊಮ್ಮೆ ನೋಡಿಸಿ.

ನಿದ್ದೆಯ ಮೇಲೂ ಕಣ್ಣಿಡಿ. ಎರಡು ರಾತ್ರಿ ನಿದ್ದೆ ಕಡಿಮೆಯಾಗಿಯೂ ಅವನಿಗೆ ಸುಸ್ತಿಲ್ಲ ಅಂದರೆ, ಗೋಡೆ ಮೇಲೆ ಲೆಕ್ಕ ಬರೋವರೆಗೆ ಕಾಯಬೇಡಿ, ಕರೆದುಕೊಂಡು ಬನ್ನಿ.

ಬೀದರ್‌ನಿಂದ ಒಬ್ಬ ತಾಯಿ:
ಸರ್, ನಮ್ಮ ಮಗಳಿಗೂ ಇದೇ ಕಾಯಿಲೆ, ವಾಲ್ಪ್ರೋಯೇಟ್ ಕೊಟ್ಟಿದ್ದಾರೆ. ಮದುವೆ ಮಾತು ನಡೆದಿದೆ. ಮುಂದೆ ಮಕ್ಕಳಿಗೆ ಬರುತ್ತಾ?

ಉತ್ತರ:
ಅಮ್ಮಾ, ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಐದರಿಂದ ಹತ್ತು. ಅಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಆದ್ರೆ ಆ ಔಷಧಿಯ ಮಾತು ಬೇರೆ. ಮಗು ಗರ್ಭದಲ್ಲಿರುವಾಗ ತಾಯಿ ವಾಲ್ಪ್ರೋಯೇಟ್ ತೆಗೆದುಕೊಂಡರೆ ಸುಮಾರು ಹತ್ತರಲ್ಲಿ ಒಂದು ಮಗು ದೇಹದ ದೋಷದೊಂದಿಗೆ ಹುಟ್ಟುತ್ತದೆ. ಬುದ್ಧಿ ಬೆಳವಣಿಗೆಗೂ ತೊಂದರೆ. ನೀವಾಗಿ ನಿಲ್ಲಿಸಬೇಡಿ. ಮದುವೆಗೆ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಬೇರೆ ಔಷಧಿ ಕೇಳಿ. ದೂರ ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಿ. ಮಧ್ಯರಾತ್ರಿ ಏನಾದರೂ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಸೇಡಂ ಅಕ್ಕ:
ಸಾಹೇಬ್ರೆ, ಇದನ್ನು ಓದಿ ತಮ್ಮನ ಅಂಗಿ ಕಿಸೆ ನೋಡಿದೆ. ಡೈಕ್ಲೋಫಿನಾಕ್ ಪಟ್ಟಿ ಇದೆ, ಆರು ಗುಳಿಗೆ ಖಾಲಿ. ಮೊಣಕಾಲು ನೋವಿಗೆ ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತಂದಿದ್ದಾನೆ. ನಿನ್ನೆ ಚಹಾ ಕುಡಿಯುವಾಗ ಕೈ ನಡುಗಿ ಬಸಿಯಲ್ಲಿ ಚೆಲ್ಲಿತು.

ಉತ್ತರ:
ಅಕ್ಕಾರೆ, ಆ ನೋವಿನ ಗುಳಿಗೆ ಈಗಲೇ ನಿಲ್ಲಿಸಿ. ಅದು ಲಿಥಿಯಂ ಹೊರಗೆ ಹೋಗದಂತೆ ತಡೆಯುತ್ತದೆ. ಸಣ್ಣ ನಡುಕ ಲಿಥಿಯಂನಲ್ಲಿ ಹಲವರಿಗೆ ಇರುತ್ತದೆ, ಆದ್ರೆ ಬಸಿಯಲ್ಲಿ ಚೆಲ್ಲುವಷ್ಟು ಅಂದರೆ ನನಗೆ ಸಮಾಧಾನ ಇಲ್ಲ. ಇವತ್ತೇ, ರಾತ್ರಿ ಗುಳಿಗೆ ಕೊಡೋ ಮುಂಚೆ, ಅವನ ಡಾಕ್ಟರಿಗೆ ತೋರಿಸಿ ಲಿಥಿಯಂ ಮಟ್ಟ ನೋಡಿಸಿ. ವಾಂತಿ, ಭೇದಿ, ಮಾತು ತೊದಲುವುದು, ನಡೆಯುವಾಗ ತೂಗಾಡುವುದು, ಇದರಲ್ಲಿ ಒಂದು ಕಂಡರೂ ನೇರ ದೊಡ್ಡ ದವಾಖಾನೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಆ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ರಿಪೋರ್ಟ್ ಬಂದ ತಕ್ಷಣ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.