ಕೆಂಚನ ಗಾಯಕ್ಕೆ ಅರಿಶಿನ ಸಾಕಾ? ಸೋಮವಾರದವರೆಗೆ ಏನು ಮಾಡಲಿ?

ಕೆಂಚನ_ಅಕ್ಕ:
ನಮ್ಮ ಕೆಂಚ ಮೂರು ವರ್ಷದ ಗಂಡು ಬೆಕ್ಕು. ಸಂತಾನಹರಣದ ಆಪರೇಷನ್ ಆಗಿಲ್ಲ, ಲಸಿಕೆಯೂ ಆಗಿಲ್ಲ. ಮಂಗಳವಾರ ರಾತ್ರಿ ಹಿತ್ತಲಲ್ಲಿ ಯಾವುದರ ಜೊತೆಗೋ ಜಗಳ ಆಡಿದ್ದ. ಬೆಳಿಗ್ಗೆ ನೋಡಿದರೆ ಏನೂ ಕಾಣಲಿಲ್ಲ. ನಿನ್ನೆ ಬಾಲದ ಬುಡದಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಇವತ್ತು ಮಧ್ಯಾಹ್ನ ಒಡೆದು ಸೋಫಾ ತುಂಬಾ ಕೀವು. ವಾಸನೆ ಹೇಳತೀರದು. ಎಂಟಾಣೆಯಷ್ಟಗಲ ತೂತು ಬಿದ್ದಿದೆ. ಅಮ್ಮ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಮೆತ್ತಿದರು. ಇವನು ಅದನ್ನು ನೆಕ್ಕಿ ನೆಕ್ಕಿ ಮೂತಿಯೆಲ್ಲ ಹಳದಿ ಮಾಡಿಕೊಂಡು ಕುಳಿತಿದ್ದಾನೆ. ಇವತ್ತು ಶನಿವಾರ, ನಮ್ಮೂರ ಪಶು ಆಸ್ಪತ್ರೆ ಇನ್ನು ಸೋಮವಾರವೇ. ಅಲ್ಲಿವರೆಗೆ ಡೆಟಾಲ್ ಹಾಕಿ ತೊಳೆಯಲಾ?

ಹಿತ್ತಲಮದ್ದು:
ಅಮ್ಮ ಮಾಡಿದ್ದೇ ಸರಿ. ದಿನಕ್ಕೆ ಮೂರು ಸಲ ಮೆತ್ತಿ, ಒಂದು ವಾರದಲ್ಲಿ ಒಣಗುತ್ತೆ. ನಮ್ಮಜ್ಜಿ ದನದ ಹೆಗಲು ಹುಣ್ಣಾದರೆ ಇದನ್ನೇ ಹಚ್ಚುತ್ತಿದ್ದರು. ಸುಮ್ನೆ ಆಸ್ಪತ್ರೆಗೆ ದುಡ್ಡು ಸುರಿಯಬೇಡಿ.

ಕೊನೇವರ್ಷ_ವೆಟ್:
ಅಕ್ಕ, ಡೆಟಾಲ್ ಬೇಡವೇ ಬೇಡ. ಅದರಲ್ಲಿರುವುದು ಫೀನಾಲ್ ಜಾತಿಯ ಮದ್ದು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಸರಿಯಾಗಿ ಅರಗಿಸಿ ಹೊರಹಾಕಲು ಬರಲ್ಲ. ಮೈಗೆ ಹಚ್ಚಿದ್ದು ನೆಕ್ಕಿದರೆ ಹೊಟ್ಟೆಗೇ ಹೋಯಿತು.

ಇದು ಬೆಕ್ಕು ಕಚ್ಚಿ ಆದ ಕುರು. ಕೋರೆಹಲ್ಲು ಸೂಜಿಯ ಹಾಗೆ ಒಳಗಿಳಿಯುತ್ತೆ. ಚರ್ಮ ಮೇಲೆ ಬೇಗ ಕೂಡಿಕೊಳ್ಳುತ್ತೆ, ಬಾಯಲ್ಲಿದ್ದ ಪಾಶ್ಚುರೆಲ್ಲಾ ಥರದ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತೆ. ಎರಡರಿಂದ ಐದು ದಿನದಲ್ಲಿ ಕೀವು ಕಟ್ಟುತ್ತೆ. ಒಡೆದದ್ದು ಒಳ್ಳೆಯದೇ ಆಯಿತು. ಈಗ ತೂತು ಮುಚ್ಚಬಾರದು. ಅರಿಶಿನ ಒಣಗಿ ಹೆಕ್ಕಳೆ ಕಟ್ಟಿದರೆ ಕೀವು ಮತ್ತೆ ಒಳಗೇ ನಿಲ್ಲುತ್ತೆ.

ಅರ್ಧ ಲೀಟರ್ ನೀರು ಕುದಿಸಿ ಆರಿಸಿ, ಒಂದು ಚಮಚ ಉಪ್ಪು ಹಾಕಿ. ಟೀ ಚಮಚ, ಮೇಲಿನ ಉಪ್ಪು ಸವರಿ ಮಟ್ಟ ಮಾಡಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ಮೆಲ್ಲಗೆ ಹಾಯಿಸಿ. ಹಿಂಡಬೇಡಿ. ಸೋಮವಾರ ತಪ್ಪದೆ ತೋರಿಸಿ, ಆಂಟಿಬಯಾಟಿಕ್ ಬೇಕಾಗಬಹುದು. ನೋವು ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಅರ್ಧ ಮಾತ್ರೆ ಸಾಕು ಬೆಕ್ಕು ಸಾಯೋಕೆ.

ಹಿತ್ತಲಮದ್ದು:
"ಅರಿಶಿನ ಹೆಕ್ಕಳೆ ಕಟ್ಟುತ್ತೆ" ಅಂತೆ! ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಅಲ್ಲ. ತಮ್ಮಾ, ಗಾಯಕ್ಕೆ ಅರಿಶಿನ ಅಂತ ಅಮೆರಿಕದವರು ಪೇಟೆಂಟ್ ತಗೊಂಡಿದ್ದು ಗೊತ್ತಾ? ಕೆಲಸ ಮಾಡದ್ದಕ್ಕೆ ಯಾರಾದರೂ ಪೇಟೆಂಟ್ ತಗೋತಾರಾ? ನಮ್ಮವರು ಹೋರಾಡಿ ಗೆದ್ದರು. ನೀವು ಅದನ್ನೇ ಬೇಡ ಅಂತೀರಿ.

ಲೆಕ್ಕ_ಪಕ್ಕಾ:
ಪೇಟೆಂಟ್ ವಿಷಯ ಎತ್ತಿದ್ದಕ್ಕೆ ಹೇಳುತ್ತೇನೆ. 1995ರಲ್ಲಿ ಅದು ಸಿಕ್ಕಿದ್ದು ಮಿಸಿಸಿಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ. ಸಂಶೋಧಕರು ಇಬ್ಬರೂ ಭಾರತ ಮೂಲದವರೇ. ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನ ಸೇರಿಸಿ 32 ದಾಖಲೆ ಕೊಟ್ಟಿತು. 1997ರಲ್ಲಿ ಪೇಟೆಂಟ್ ಬಿತ್ತು. ಯಾಕೆ ಬಿತ್ತು? "ಇದು ಹೊಸದಲ್ಲ, ಮೊದಲೇ ಗೊತ್ತಿದ್ದದ್ದು" ಅಂತ. ಗಾಯ ವಾಸಿಯಾಗುತ್ತೆ ಅಂತ ಪೇಟೆಂಟ್ ಕಚೇರಿಯವರೇನೂ ತೀರ್ಪು ಕೊಡಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ.

ಹಿತ್ತಲಮದ್ದು:
"ಮೊದಲೇ ಗೊತ್ತಿದ್ದದ್ದು" ಅಂತ ನೀವೇ ಬರೆದಿರಿ. ನಾನು ಹೇಳಿದ್ದೂ ಅದೇ. ಧನ್ಯವಾದ.

ಲೆಕ್ಕ_ಪಕ್ಕಾ:
ಏನು ಗೊತ್ತಿತ್ತು ಸ್ವಾಮಿ? ಹಚ್ಚುತ್ತಿದ್ದರು ಅನ್ನೋದು ಗೊತ್ತಿತ್ತು. ಹುಳಿಕೊಂಬೆಗೆ ತಾಯತ ಕಟ್ಟುತ್ತಿದ್ದರು ಅನ್ನೋದೂ ಗೊತ್ತಿದೆ. ಆಮೇಲೆ, ಆ 32 ದಾಖಲೆಯಲ್ಲಿ ಒಂದರಲ್ಲಾದರೂ ಬೆಕ್ಕಿನ ಕುರು ಇದ್ದರೆ ತೋರಿಸಿ.

ಮೂರುಬೆಕ್ಕು_ಮನೆ:
ಅಕ್ಕಾ, ಒಂದು ಮಾತು. ತೊಳೆಯುವಾಗ ಅದು ನಿಮಗೆ ಪರಚಿತಾ? ಲಸಿಕೆ ಆಗಿಲ್ಲ ಅಂದಿರಿ, ಕಚ್ಚಿದ್ದು ಯಾವ ಪ್ರಾಣಿಯೋ ಗೊತ್ತಿಲ್ಲ ಅಂದಿರಿ. ಪರಚಿದ್ದರೆ ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆದು, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಕೇಳಿ. ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತೆ.

ರಿಟೈರ್ಡ್_ಮೇಷ್ಟ್ರು:
ಹುಳಿಕೊಂಬೆ ಅಲ್ಲ ಲೆಕ್ಕ ಪಕ್ಕಾ ಅವರೇ. ಅದೇನದು, ಹುಣಸೆಕೊಂಬೆಯಾ? ಮೊದಲು ಕನ್ನಡ ಸರಿ ಬರೆಯಿರಿ, ಆಮೇಲೆ ಪೇಟೆಂಟ್.

ಲೆಕ್ಕ_ಪಕ್ಕಾ:
ಕೀಬೋರ್ಡ್ ತಿದ್ದಿದ್ದು ಸಾರ್. ಹುಳಕಡ್ಡಿ, ಅದೇ ಚರ್ಮರೋಗ, ಅಂತ ಹೊಡೆದಿದ್ದೆ. ವಿಷಯಕ್ಕೆ ಬನ್ನಿ.

ನಂದಿನಿ_ಪ್ಯಾಕೆಟ್:
ನಾನು ನಮ್ಮ ನಾಯಿಗೆ ಎಂಟು ವರ್ಷ ಡೆಟಾಲ್ ಹಾಕಿಯೇ ತೊಳೆದಿದ್ದೇನೆ. ಏನೂ ಆಗಿಲ್ಲ. ಈ ಓದಿದ ಹುಡುಗರು ಎಲ್ಲದಕ್ಕೂ ಹೆದರಿಸುತ್ತಾರೆ.

ಕೊನೇವರ್ಷ_ವೆಟ್:
ನಾಯಿಗೆ ಅಲ್ವಾ. ಬೆಕ್ಕು ಸಣ್ಣ ನಾಯಿ ಅಲ್ಲ ಮೇಡಂ. ನಾಯಿಯ ಮೇಲೆ ಬಿಡುವ ಪರ್ಮೆಥ್ರಿನ್ ಇರೋ ಚಿಗಟದ ಮದ್ದು ಬೆಕ್ಕಿಗೆ ಬಿಟ್ಟರೆ ನಡುಗಿ ನಡುಗಿ ಸಾಯುತ್ತೆ. ಮನೆಯಲ್ಲಿ ಬೆಟಾಡಿನ್ (ಗಾಯ ತೊಳೆಯೋ ಅಯೋಡಿನ್ ಮದ್ದು) ಇದ್ದರೆ ನೀರಿಗೆ ಬೆರೆಸಿ, ತೆಳು ಚಹಾದ ಬಣ್ಣ ಬರುವಷ್ಟು. ಅದು ನಡೆಯುತ್ತೆ.

ನಂದಿನಿ_ಪ್ಯಾಕೆಟ್:
ಚಹಾ ಬಣ್ಣ ಅಂದರೆ ಯಾರ ಮನೆ ಚಹಾ? ನಮ್ಮನೇದು ಡಿಕಾಕ್ಷನ್ ಥರ ಇರುತ್ತೆ. ಅಳತೆ ಹೇಳೋಕೆ ಬರದವರು ಡಾಕ್ಟ್ರು.

ಹಿತ್ತಲಮದ್ದು:
ಹೌದು! ಬೆಟಾಡಿನ್ ನೆಕ್ಕಿದರೆ ಪರವಾಗಿಲ್ಲ, ಅರಿಶಿನ ನೆಕ್ಕಿದರೆ ತಪ್ಪು. ಯಾರ ಕಂಪನಿ ಇವರಿಗೆ ಕಮಿಷನ್ ಕೊಡುತ್ತೆ?

ಕೊನೇವರ್ಷ_ವೆಟ್:
ನೆಕ್ಕಬಹುದು ಅಂತ ನಾನೆಲ್ಲಿ ಬರೆದೆ? ಹಚ್ಚಿ, ಒರೆಸಿ ತೆಗೆಯಬೇಕು. ಅರಿಶಿನ ವಿಷ ಅಂತಲೂ ಹೇಳಿಲ್ಲ. ತೂತು ಮುಚ್ಚಬೇಡಿ ಅಂದೆ, ಅಷ್ಟೇ. ಕಮಿಷನ್ ಅಂತೆ. ನನಗೆ ಹಾಸ್ಟೆಲ್ ಮೆಸ್ ಬಿಲ್ ಕಟ್ಟೋಕೇ ಗತಿ ಇಲ್ಲ. ಇನ್ನು ನಾನು ಇಲ್ಲಿ ಬರೆಯಲ್ಲ.

ಲೀಡ್ಸ್_ಕನ್ನಡಿಗ:
ಗಂಡು ಬೆಕ್ಕನ್ನು ಆಪರೇಷನ್ ಮಾಡಿಸದೆ ರಾತ್ರಿ ಹೊರಗೆ ಬಿಟ್ಟರೆ ಇನ್ನೇನಾಗುತ್ತೆ? ಇವತ್ತು ಈ ಕುರು, ಮುಂದಿನ ತಿಂಗಳು ಇನ್ನೊಂದು.

ಮೂರುಬೆಕ್ಕು_ಮನೆ:
ಅದು ನಿಜವೇ, ಆದರೆ ಅವರು ಕೇಳಿದ್ದು ಇವತ್ತಿನ ಗಾಯದ್ದು. ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಿ ಅಕ್ಕಾ. ಅಂಗಡಿಯಲ್ಲಿ ಸಿಗದಿದ್ದರೆ ಕ್ಯಾಲೆಂಡರ್‌ನ ದಪ್ಪ ರಟ್ಟು ಕತ್ತರಿಸಿ ಸುತ್ತಿ. ಅಂಚಿಗೆ ಹಳೇ ಕಾಲುಚೀಲ ಹೊಲಿಯಿರಿ, ಕುತ್ತಿಗೆ ಕೊಯ್ಯಲ್ಲ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಊಟಕ್ಕೆ ಮಾತ್ರ ತೆಗೆಯಿರಿ, ಪಕ್ಕದಲ್ಲೇ ಕುಳಿತು. ಮತ್ತೆ ಕೇಳುತ್ತೇನೆ, ಪರಚಿತಾ?

ರಿಟೈರ್ಡ್_ಮೇಷ್ಟ್ರು:
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇತ್ತು. ಈಗ ಕ್ಯಾಲೆಂಡರ್ ಕಟ್ಟುವವರು ಯಾರು ಅನ್ನಬೇಕು.

ಹಿತ್ತಲಮದ್ದು:
ಲೀಡ್ಸ್ ಅವರೇ, ಇಂಗ್ಲೆಂಡಿನಲ್ಲಿ ಕುಳಿತು ಉಪದೇಶ ಬೇಡ. ಬೆಕ್ಕು ಇಲಿ ಹಿಡಿಯೋಕೆ ಇರೋದು. ಅಡಿಕೆ ಅಟ್ಟ ಇರೋರಿಗೆ ಕೇಳಿ.

ಲೆಕ್ಕ_ಪಕ್ಕಾ:
ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಇನ್ನೊಂದು, ಅಂಗಡಿ ಅರಿಶಿನದ ಪುಡಿಯಲ್ಲಿ ಬಣ್ಣಕ್ಕೆ ಸೀಸದ ಕ್ರೋಮೇಟ್ ಅನ್ನೋ ವಿಷ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದನ್ನು ಗಾಯಕ್ಕೆ ಮೆತ್ತಿ ನೆಕ್ಕಿಸಿ, ಚೆನ್ನಾಗಿದೆ.

ಹಿತ್ತಲಮದ್ದು:
ಅಂಗಡಿ ಪುಡಿ ಅಂತ ನಾನು ಎಲ್ಲಿ ಹೇಳಿದೆ? ಕೊಂಬು ತೇಯ್ದು ಹಚ್ಚಿ. ಈಗಿನವರಿಗೆ ಸಾಣೆಕಲ್ಲು ಅಂದರೆ ಗೊತ್ತಿದ್ದರಲ್ಲವೇ.

ಲೆಕ್ಕ_ಪಕ್ಕಾ:
ಮೊದಲು ಅಮ್ಮ ಮಾಡಿದ್ದೇ ಸರಿ ಅಂದಿರಿ, ಈಗ ಕೊಂಬು ಅಂತೀರಿ. ಅವರಮ್ಮ ಹಚ್ಚಿದ್ದು ಯಾವುದು ಅಂತ ಕೇಳಿದಿರಾ?

ಕೆಂಚನ_ಅಕ್ಕ:
ಎಲ್ಲರಿಗೂ ಧನ್ಯವಾದ. ಅಮ್ಮ ಹಚ್ಚಿದ್ದು ಪ್ಯಾಕೆಟ್ ಪುಡಿ. ಮೂರುಬೆಕ್ಕು ಅವರೇ, ಹೌದು, ಮಧ್ಯಾಹ್ನ ಹಿಡಿದುಕೊಂಡಾಗ ಮುಂಗೈ ಪರಚಿದ್ದ. ರಕ್ತ ಬಂದಿತ್ತು, ನಾನೂ ಅರಿಶಿನ ಒತ್ತಿ ಸುಮ್ಮನಾಗಿದ್ದೆ. ನಿಮ್ಮ ಮಾತು ಓದಿ ರಾತ್ರಿಯೇ ಆಸ್ಪತ್ರೆಗೆ ಹೋದೆ. ತೊಳೆಸಿ ಇಂಜೆಕ್ಷನ್ ಕೊಟ್ಟರು. ಇನ್ನು 3, 7, 28ನೇ ದಿನಕ್ಕೆ ಬರಬೇಕಂತೆ.

ಸೋಮವಾರ ಕೆಂಚನಿಗೆ ಕೂದಲು ಬೋಳಿಸಿ ನೋಡಿದರು. ಆ ತೂತಿನಿಂದ ಒಂದಿಂಚು ಕೆಳಗೆ ಇನ್ನೊಂದು ಹಲ್ಲಿನ ಗುರುತು, ಎಳ್ಳಿನಷ್ಟು. ಎರಡರ ನಡುವೆ ಚರ್ಮದಡಿ ಪೂರ್ತಿ ಪೊಳ್ಳು. ಅಲ್ಲಿಂದ ಹಾಯಿಸಿದ ನೀರು ಇಲ್ಲಿ ಹೊರಗೆ ಬಂತು, ಜೊತೆಗೆ ಅರಿಶಿನದ ಗಟ್ಟಿ ಚೂರುಗಳು. ಹೊಲಿಗೆ ಹಾಕಲಿಲ್ಲ, ತೆರೆದೇ ಇರಲಿ ಅಂದರು. ಜ್ವರ 104 ಇತ್ತು. ಈಗ ಮಾತ್ರೆ ಶುರುವಾಗಿದೆ, ಮೀನಿನ ತಲೆಯೊಳಗಿಟ್ಟು ಕೊಡುತ್ತಿದ್ದೇವೆ. ಕ್ಯಾಲೆಂಡರ್ ಕೋನ್ ಎರಡು ದಿನಕ್ಕೇ ಹರಿದ, ಮೂರನೆಯದು ನಡೆಯುತ್ತಿದೆ. ಅಮ್ಮ ಮಾತ್ರ ಡಾಕ್ಟರಿಗೇ ಅರಿಶಿನ ಹಚ್ಚಬಹುದಾ ಅಂತ ಕೇಳಿದರು. ಅವರು ನಕ್ಕು ಸಾರಿಗೆ ಹಾಕಿ ಅಂದರು.

ಹಿತ್ತಲಮದ್ದು:
ಸಾರಿಗೆ ಹಾಕಿ ಅಂದರು ಅಂದರೆ ಅರಿಶಿನ ಕೆಟ್ಟದ್ದಲ್ಲ ಅಂತ ಅವರೇ ಒಪ್ಪಿದ ಹಾಗಾಯಿತು.

ಲೆಕ್ಕ_ಪಕ್ಕಾ:
32 ದಾಖಲೆ. ಒಂದು ಬೆಕ್ಕು. ಇನ್ನೂ ಕಾಯುತ್ತಿದ್ದೇನೆ.

ಮೂರುಬೆಕ್ಕು_ಮನೆ:
ಮೂರನೇ ದಿನದ ಇಂಜೆಕ್ಷನ್ ಆಯಿತಾ ಅಕ್ಕಾ?