ಮ್ಯಾಗ್ನೆಟೋ ‘ಸ್ವಿಚ್ ಆಫ್’ಗೆ ಕನ್ನಡದಲ್ಲಿ ಏನನ್ನೋದು?

ಎಲ್ಲರಿಗೂ ನಮಸ್ಕಾರ. ಕಾರವಾರ ಬೀಚ್ ಪಕ್ಕ ಇಟ್ಟಿರೋ ಟುಪೊಲೆವ್ ವಿಮಾನ ನೋಡ್ಕೊಂಡು ಬಂದ ನಮ್ಮ ಪಿಯುಸಿ ಹುಡುಗ್ರು, ಸಣ್ಣ ವಿಮಾನದ ಬ್ಯಾಟರಿ ಡೌನ್ ಆದ್ರೆ ಹೇಗೆ ಸ್ಟಾರ್ಟ್ ಮಾಡ್ತಾರೆ ಅಂತ ಕೇಳಿದ್ರು. ಮುಂದಿನ ಪ್ರೊಪೆಲ್ಲರನ್ನ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡೋದುಂಟು, ಅದನ್ನ ಗೋಡೆಪತ್ರಿಕೆಗೆ ಬರೀತಾ ಎರಡು ಪದದ ಹತ್ರ ನಿಂತುಬಿಟ್ಟಿದ್ದೀನಿ.

ಒಂದು ‘ರೆಕ್ಕೆ’. ಫ್ಯಾನಿಂದೂ ರೆಕ್ಕೆ, ವಿಮಾನದ್ದೂ ರೆಕ್ಕೆ. ‘ರೆಕ್ಕೆ ಹಿಡಿದು ತಿರುಗಿಸೋದು’ ಅಂದ್ರೆ ಓದೋರಿಗೆ ಯಾವುದು ಅಂತ ತಿಳೀಬೇಕು? ನಮ್ಮ ಬೋಟಿನವ್ರು ಪ್ರೊಪೆಲ್ಲರಿಗೆ ಫ್ಯಾನ್ ಅಂತಾರೆ, ‘ಫ್ಯಾನಿಗೆ ಬಲೆ ಸಿಕ್ತು’ ಅಂತ, ನಾನೂ ಅದನ್ನೇ ಇಟ್ಕೊಂಡೆ.

ನಿಜವಾದ ತೊಡಕು ‘ಸ್ವಿಚ್ ಆಫ್’ದು. ನಾವು ‘ಆರಿಸು’, ‘ಬಂದ್ ಮಾಡು’ ಅಂತೀವಿ, ಅಂದ್ರೆ ಕರೆಂಟ್ ಕಡೀತು, ಇನ್ನು ಮುಟ್ಟಬಹುದು ಅಂತ ಅರ್ಥ. ಇಂಜಿನ್ನಿಗೆ ಕಿಡಿ ಕೊಡೋ ಮ್ಯಾಗ್ನೆಟೋದಲ್ಲಿ ಹಾಗಲ್ಲ. ಅದಕ್ಕೆ ಬ್ಯಾಟರಿನೇ ಬೇಡ, ಇಂಜಿನ್ ತಿರುಗಿದ್ರೆ ತಾನೇ ಕಿಡಿ ಹುಟ್ಟಿಸ್ತದೆ (1930ರ ದಶಕದ ಸಣ್ಣ ವಿಮಾನ ಪೈಪರ್ ಕಬ್‌ನ ಕೈಯಲ್ಲೇ ಫ್ಯಾನ್ ತಿರುಗಿಸಿ ಸ್ಟಾರ್ಟ್ ಮಾಡ್ತಿದ್ರು), ಆಫ್ ಮಾಡಿದಾಗ ಒಂದು ವೈರ್ ಅದನ್ನ ಅರ್ತ್‌ಗೆ ಸೇರಿಸ್ತದೆ ಅಷ್ಟೇ. ಆ ವೈರ್ ತುಂಡಾಗಿದ್ರೆ ಸ್ವಿಚ್ ಆಫ್ ಅಂತ ತೋರಿಸ್ತಿದ್ರೂ ಕಿಡಿ ಬರ್ತದೆ. ಶಿರಸಿಯಲ್ಲಿ ನಮ್ಮ ಮಾವನ ತೋಟದಲ್ಲಿ ಹುಲ್ಲು ಹೊಡೆಯೋ ಮಷೀನಿನ ಹಿಡಿಕೆ ಹತ್ರ ವೈರ್ ಸವೆದು ಕಡಿದುಹೋಗಿತ್ತು, ಕೆಂಪು ಸ್ವಿಚ್ ಎಷ್ಟು ಒತ್ತಿದ್ರೂ ಬ್ಲೇಡ್ ತಿರುಗ್ತಾನೇ ಇತ್ತು, ಕೊನೆಗೆ ಚೋಕ್ ಎಳೆದು ನಿಲ್ಸಿದ್ರು. ಅದನ್ನ ಕಣ್ಣಾರೆ ನೋಡಿದ್ಮೇಲೆ ನಂಗೆ ‘ಆರಿಸಿ’ ಅಂತ ಬರೆಯೋಕೆ ಕೈ ಬರ್ತಿಲ್ಲ.

ಅದಕ್ಕೇ ತಿಳಿದೋರು ಆಫ್ ಇದ್ರೂ ಫ್ಯಾನ್ ಈಗ ಹೊಡೀತದೆ ಅಂತಲೇ ನಡ್ಕೋತಾರೆ. ಸೀಟಲ್ಲಿ ತರಬೇತಿಯಾದ ಪೈಲಟ್ ಬ್ರೇಕ್ ಹಿಡಿದು ಕೂತಿರ್ಬೇಕು, ಚಕ್ರಕ್ಕೆ ಬೆಣೆ ಕೊಟ್ಟು ಬಾಲಕ್ಕೆ ಹಗ್ಗ ಕಟ್ಟಿರ್ಬೇಕು, ಥ್ರಾಟಲ್ ಸ್ವಲ್ಪವೇ ತೆರೆದಿರ್ಬೇಕು, ಕಾಲ ಕೆಳಗೆ ಜಾರೋ ನೆಲ ಇರಬಾರದು. ತಿರುಗಿಸೋರಿಗೂ ಮೊದಲೇ ಕಲಿಸಿರ್ಬೇಕು, ಬೆರಳು ಮಡಿಸಿ ಹಿಡೀದೆ ಅಂಗೈ ಚಪ್ಪಟೆ ಇಟ್ಟು ಕೆಳಗೆ ಎಳೀತಾ ಹಿಂದಕ್ಕೆ ಸರೀಬೇಕು. ‘ಸ್ವಿಚ್ ಆಫ್’, ‘ಕಾಂಟ್ಯಾಕ್ಟ್’ (ಅಂದ್ರೆ ಸ್ವಿಚ್ ಆನ್) ಅಂತ ಇಬ್ರೂ ಕೂಗಿ ಹೇಳ್ಕೋತಾರೆ. ಬ್ಯಾಟರಿ ಪೂರ್ತಿ ಸತ್ತಿದ್ರೆ ಇಂಜಿನ್ ಎದ್ರೂ ಆಲ್ಟರ್ನೇಟರ್ ಕರೆಂಟ್ ಕೊಡದೇ ಇರಬಹುದು, ಹಾಗಾಗಿ ಚಾರ್ಜ್ ಮಾಡೋದೇ ಸರಿ ಅಂತಾನೂ ಬರೀತಿದ್ದೀನಿ, ಹುಡುಗ್ರು ಕೈಯಲ್ಲಿ ತಿರುಗಿಸೋದನ್ನೇ ದೊಡ್ಡದು ಮಾಡ್ಕೋಬಾರದು ನೋಡಿ.

ಈಗ ಕೇಳೋದು: ಈ ಆಫ್‌ಗೆ ‘ಅರ್ತ್ ಮಾಡು’ ಅಂದ್ರೆ ಪಿಯುಸಿ ಮಕ್ಕಳಿಗೆ ತಿಳೀತದಾ? ಅಥವಾ ‘ಕಿಡಿ ತಡೆ’? ಪಂಪ್‌ಸೆಟ್, ಹಳೇ ಸ್ಕೂಟರ್ ರಿಪೇರಿ ಮಾಡೋ ಮೇಸ್ತ್ರಿಗಳು ಇದಕ್ಕೆ ನಿಮ್ಮ ಕಡೆ ಏನಂತಾರೆ, ದಯವಿಟ್ಟು ಅವರ ಬಾಯಲ್ಲಿ ಬರೋ ಹಾಗೇ ಬರೆದು ಕಳಿಸಿ.